ಆಚಾರ್ಯರಿಗೇ ಮೊದಲು ಬರಬೇಕಿದ್ದ ಮೇಲ್

೨೦೦೭ರ ಬೇಸಿಗೆ. ಆಗ ನಾನು ಸೇಡಂನ ಒಂದು ಖಾಸಗಿ ಪದವಿ ಕಾಲೇಜಿನ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದೆ. ಫ್ಯಾನಿನ ಕೆಳಗೆ ಕೂತರೂ ಬೆವರು ಇಳಿಯುವ ದಿನಗಳು. ಆದರೆ ಆ ವರ್ಷ ನನ್ನ ತಲೆ ಕಾಯಿಸಿದ್ದು ಬಿಸಿಲಲ್ಲ, ನಮ್ಮ ಕಾರ್ಯದರ್ಶಿ ಆಚಾರ್ಯರು.

ಆಚಾರ್ಯರು ನಿವೃತ್ತ ಹೆಡ್‌ಮಾಸ್ತರು. ಕೈ ಶುದ್ಧ, ಮಾತು ಖಡಕ್. ಕಾಲೇಜಿಗೆ ಬಂದ ಟಪಾಲು ಯಾವುದೇ ಇರಲಿ, ಮೊದಲು ಅವರೇ ಒಡೆಯಬೇಕು. ಈಮೇಲಿಗೂ ಅದೇ ನಿಯಮ. ಇಂಟರ್‌ನೆಟ್ ಇದ್ದದ್ದು ಅವರ ಕೋಣೆಯ ಕಂಪ್ಯೂಟರಿಗೆ ಮಾತ್ರ. ಅವರು ಊಟಕ್ಕೆ ಎದ್ದರೆ ಕೋಣೆಗೆ ಬೀಗ ಬೀಳುತ್ತಿತ್ತು.

ನಮ್ಮ ವೆಬ್‌ಸೈಟ್, ಮೇಲ್ ಎರಡನ್ನೂ ಹೈದರಾಬಾದಿನ ಒಂದು ಕಂಪನಿ ನೋಡಿಕೊಳ್ಳುತ್ತಿತ್ತು. ಕಾಲೇಜಿನ ಹೆಸರಿಗೆ ಬಂದ ಮೇಲ್ ಯಾವ ಯಂತ್ರಕ್ಕೆ ಹೋಗಬೇಕು ಎಂಬ ವಿವರ ಡಿಎನ್‌ಎಸ್ ಎಂಬ ಇಂಟರ್‌ನೆಟ್ಟಿನ ವಿಳಾಸಪಟ್ಟಿಯಲ್ಲಿ ಇರುತ್ತದೆ. ಕಂಪನಿಯ ಪುಣ್ಯಾತ್ಮರು ಹೇಳದೆ ಕೇಳದೆ ಅದನ್ನು ಬದಲಾಯಿಸಿಬಿಡುತ್ತಿದ್ದರು, ನಮ್ಮ ಮೇಲ್ ನಿಂತುಹೋಗುತ್ತಿತ್ತು. ಸಾಕಾಗಿ ಹೋಗಿ, ಗುಲಬರ್ಗಾದ ತರಬೇತಿಯಲ್ಲಿ ಸಿಕ್ಕ ಒಂದು ಟೂಲ್ ತಂದು ಆಚಾರ್ಯರ ಕಂಪ್ಯೂಟರಿಗೆ ಹಾಕಿದೆ. ಸರಿಯಾದ ವಿವರ ಒಮ್ಮೆ ಕೊಟ್ಟರೆ ಸಾಕು, ದಿನಾ ಬೆಳಿಗ್ಗೆ ತಾನೇ ತಾಳೆ ನೋಡಿ, ಏನಾದರೂ ಬದಲಾಗಿದ್ದರೆ ಮೇಲ್ ಕಳಿಸುತ್ತಿತ್ತು.

"ಆ ಮೇಲ್ ಕಾಲೇಜಿನ ಅಡ್ರೆಸ್ಸಿಗೇ ಬರ್ಲಿ. ಮೊದಲ ನಾ ನೋಡ್ತೀನಿ," ಎಂದರು ಆಚಾರ್ಯರು.

"ಸರ್, ಮೇಲ್ ದಾರಿನೇ ತಪ್ಪಿದ್ರ, ಆ ಸುದ್ದಿ ಅದೇ ದಾರೀಲಿ ಹ್ಯಾಂಗ ಬರ್ತದರಿ? ಹೊರಗಿನ ಅಡ್ರೆಸ್ ಒಂದು ಕೊಡೂಣು."

"ನಮ್ಮ ಸುದ್ದಿ ಹೊರಗ ಯಾಕ? ನಾ ಹೇಳ್ದಷ್ಟು ಮಾಡ್ರಿ."

ಬೀಗ ಹಾಕಿ ಕೀಲಿ ಮನೆಯೊಳಗೇ ಬಿಟ್ಟಂತಾಯಿತು ಎಂದು ಗೊಣಗುತ್ತಲೇ ಮಾಡಿದೆ. ದೊಡ್ಡವರ ಜೊತೆ ವಾದ ಮಾಡಿ ಗೆದ್ದವರು ಯಾರು?

ಹತ್ತಿರದ ಆಡಕಿ ಊರಿನ ಶಾಂತಾ ನಮ್ಮಲ್ಲಿ ಬಿ.ಎಸ್ಸಿ. ಮುಗಿಸಿದ್ದಳು. ಹೈದರಾಬಾದಿನ ಒಂದು ಆಸ್ಪತ್ರೆಯ ಲ್ಯಾಬ್ ತರಬೇತಿಗೆ ಅರ್ಜಿ ಹಾಕಿ, ತನಗೆ ಮೇಲ್ ಇಲ್ಲವೆಂದು ಕಾಲೇಜಿನ ಅಡ್ರೆಸ್ ಕೊಟ್ಟಿದ್ದಳು. ಇಂಟರ್‌ವ್ಯೂ ಕರೆ ಅಲ್ಲಿಗೇ ಬರಬೇಕು. ಈ ವರ್ಷ ಸೀಟು ಸಿಗದಿದ್ದರೆ ಓದು ಸಾಕು ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದರು. ಪಾಪದ ಹುಡುಗಿ, ಬಸ್ ಹಿಡಿದು ಬಂದು ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು, "ಮೇಡಂ, ಬಂದದೇನ್ರಿ?"

ಆಚಾರ್ಯರನ್ನು ವಿಚಾರಿಸಿದೆ. "ಏನೂ ಬಂದಿಲ್ಲ. ಈಗೀಗ ಟಪಾಲೇ ಕಡಿಮಿ ಆಗ್ಯದ. ಯಾರದೂ ತಕರಾರಿಲ್ಲ, ಭಾಳ ಆರಾಮ ಅದ. ನಿಮ್ಮ ಟೂಲ್ ಸೈತ ಏನೂ ಹೇಳಿಲ್ಲ ನೋಡ್ರಿ," ಎಂದು ಸಂತೋಷಪಟ್ಟರು. ಟಪಾಲು ಕಡಿಮೆಯಾಗಿದ್ದಲ್ಲ, ಮೇಲ್ ದಾರಿಯೇ ತಪ್ಪಿರಬೇಕು ಎಂದು ನನಗೆ ಅನುಮಾನ ಬಂತು.

ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯಿಂದ ಕಾಲೇಜಿಗೆ ಒಂದು ಮೇಲ್ ಹಾಕಿದೆ. ಹೋದಷ್ಟೇ ಬೇಗ ವಾಪಸ್ ಬಂತು. ಮರುದಿನ ಆಚಾರ್ಯರ ಎದುರೇ ಕೂತು ಟೂಲ್ ತೆರೆದೆ. ಎಷ್ಟೋ ದಿನಗಳಿಂದ ಅದು ಪ್ರತಿ ಬೆಳಿಗ್ಗೆ 'ಮೇಲ್ ವಿವರ ಬದಲಾಗಿದೆ' ಎಂದು ಕೆಂಪಕ್ಷರದಲ್ಲಿ ಬರೆದಿತ್ತು, ಆಚಾರ್ಯರಿಗೆ ಮೇಲನ್ನೂ ಹಾಕಿತ್ತು. ಒಂದೂ ಮುಟ್ಟಿರಲಿಲ್ಲ.

ಕಂಪನಿಗೆ ಫೋನು ಹಚ್ಚಿದರೆ, "ಮಷೀನ್ ಬದಲಿ ಮಾಡಿದ್ವಿ ಮೇಡಂ, ಹೇಳೋದು ಮರ್ತಿದ್ವಿ," ಎಂದು ನಕ್ಕ ಒಬ್ಬ! ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಮೇಲ್ ದಾರಿ ಸರಿ ಮಾಡಿಸಿ, ಆಸ್ಪತ್ರೆಗೆ ಫೋನು ಮಾಡಿದೆ. ಶಾಂತಾಳಿಗೆ ಕಳಿಸಿದ ಕರೆ ವಾಪಸ್ ಹೋಗಿತ್ತು. ಇಂಟರ್‌ವ್ಯೂ ಹಿಂದಿನ ದಿನವೇ ಮುಗಿದಿತ್ತು.

ನನ್ನ ಸಿಟ್ಟು ನೆತ್ತಿಗೇರಿತು. "ಸರ್, ಇದನ್ನ ಆಕಿಗಿ ನೀವೇ ಹೇಳ್ರಿ. ನನ್ನ ಕೈಲೆ ಆಗಂಗಿಲ್ಲ," ಎಂದುಬಿಟ್ಟೆ.

ಶಾಂತಾ ಬಂದಾಗ ಆಚಾರ್ಯರು ಅವಳನ್ನು ಕೂರಿಸಿ, ಕನ್ನಡಕ ಒರೆಸುತ್ತಾ ಎಲ್ಲ ಹೇಳಿದರು. "ತಪ್ಪು ನಮ್ಮ ಕಡಿಂದ ಆಗ್ಯದ ತಂಗಿ. ಮುಂದಿನ ವರ್ಷ ನೋಡೂಣು."

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. "ಮುಂದಿನ ವರ್ಷ ನನಗಿಲ್ರಿ ಸರ್. ಈಗ ಹೇಳಿದ್ರಲ್ರಿ, ಅದೇ ಮಾತು ಕಾಗದದಾಗ ಬರ್ದು, ಶಿಕ್ಕಾ ಹೊಡ್ದು ಕೊಡ್ರಿ. ನಾ ಅಲ್ಲಿಗೇ ಹೋಗಿ ಕೇಳ್ತೀನಿ."

"ಅಲ್ಲವ್ವಾ... ಕಾಲೇಜಿನ ಮರ್ಯಾದಿ ಏನಾಗ್ತದ ವಿಚಾರ ಮಾಡು."

"ನಂದೇನಾಗ್ತದ್ರಿ ಸರ್?"

ಆಚಾರ್ಯರು ಪೆನ್ನು ತೆಗೆದರು. 'ಅಭ್ಯರ್ಥಿಯದು ತಪ್ಪಿಲ್ಲ, ತಪ್ಪು ನಮ್ಮದು' ಎಂದು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದು ಸಹಿ ಮಾಡಿದರು. ಕಾಲೇಜಿನ ಮೊಹರು ಒತ್ತಿದ್ದು ನಾನು. ಅವಳು ಅವ್ವನನ್ನು ಕರೆದುಕೊಂಡು ಹೈದರಾಬಾದಿನ ಬಸ್ ಹತ್ತಿದಳು.

ಆಯ್ಕೆಯಾದ ಒಬ್ಬರು ಬರುವುದಿಲ್ಲ ಎಂದದ್ದರಿಂದ ಅಲ್ಲಿ ಒಂದು ಸೀಟು ಉಳಿದಿತ್ತಂತೆ. ಕಾಗದ ಓದಿದ ಡಾಕ್ಟರಮ್ಮ ಅಲ್ಲೇ ಕೂರಿಸಿ ಪ್ರಶ್ನೆ ಕೇಳಿದರಂತೆ. ಮರುದಿನ ಆಫೀಸಿಗೆ ಶಾಂತಾಳ ಫೋನು ಬಂತು. "ತಗೊಂಡ್ರು ಮೇಡಂ!" ನನಗೆ ಅಳು ಬಂತು. ಆಚಾರ್ಯರು ಅಂದೇ ಟೂಲಿನ ಮೇಲ್ ನನ್ನ ಸ್ವಂತ ಅಡ್ರೆಸ್ಸಿಗೆ ಬರುವಂತೆ ಮಾಡಿಸಿದರು.

ಆದರೂ ನನ್ನ ಸಿಟ್ಟು ಪೂರ್ತಿ ಇಳಿಯಲಿಲ್ಲ, ಇವತ್ತಿಗೂ ಇಳಿದಿಲ್ಲ. ಆ ದಿನಗಳಲ್ಲಿ ವಾಪಸ್ ಹೋದ ಮೇಲ್ ಶಾಂತಾಳದೊಂದೇ ಆಗಿರಲಿಕ್ಕಿಲ್ಲ. ಬಾಗಿಲಿಗೆ ಬಂದು ಕೇಳಿದವಳು ಅವಳೊಬ್ಬಳು. ಕೇಳದೆ, ನನಗೆ ಕರೆ ಬರಲಿಲ್ಲ ಅಂದುಕೊಂಡು ಮನೆಯಲ್ಲೇ ಉಳಿದವರು ಯಾರು ಯಾರಿದ್ದರೋ, ನನಗೆ ಗೊತ್ತಿಲ್ಲ.