ಒಲೆಯ ಮುಂದೆ ನಿಂತವರ ಮುಖ
ಹಿಂದಿನ ಬೀದಿಯಿಂದ ಬೆಳಗಾದರೆ ಕೇಳುವ ಟಪ್, ಟಪ್ ಸದ್ದು ಅಡುಗೆಮನೆ ಅಕ್ಕನದು: ಹೊಸ ಡ್ರಾಯರುಗಳನ್ನು ಎಳೆದು ಮುಚ್ಚಿ ನೋಡುತ್ತಾಳೆ, ಆ ಸದ್ದಿಗೆ ತೊಟ್ಟಿಲ ಮಗು ಎದ್ದೀತು ಎನ್ನಿಸಿದ ಡ್ರಾಯರು ಬಡಗಿಗೆ ವಾಪಸ್ಸು. ಮನೆಮನೆಗೆ ತಕ್ಕಂತೆ ಅಡುಗೆಮನೆ ರೂಪಿಸುವುದು ಅವಳ ಕಸುಬು. ಟೇಪು ಬಿಚ್ಚುವ ಮೊದಲು, "ಇಲ್ಲಿ ಸೌಟು ಹಿಡಿಯೋರು ಯಾರು?" ಎನ್ನುತ್ತಾಳೆ, ಉತ್ತರಿಸಲು ಬಂದ ಗಂಡಸರನ್ನು ಸೌಟು ಎಲ್ಲಿದೆ ಎಂದು ಕೇಳಿ ಹೊರಗೆ ಕೂರಿಸುತ್ತಾಳೆ. ಮನೆಯಾಕೆ ಬರಿಗೈಯಲ್ಲಿ ಇಲ್ಲದ ಹಿಟ್ಟು ನಾದಬೇಕು, ಇಲ್ಲದ ಈರುಳ್ಳಿ ಹೆಚ್ಚಬೇಕು. ಅಕ್ಕ ಮೊಣಕೈಯ ಎತ್ತರ ಅಳೆಯುತ್ತಾಳೆ. ಆ ಈರುಳ್ಳಿಗೆ ಒಬ್ಬಾಕೆಗೆ ಕಣ್ಣೀರೇ ಬಂದಿತ್ತಂತೆ. ಬಣ್ಣ, ಕಲ್ಲು, ಹಿಡಿಕೆ ಎಲ್ಲ ನಿಮ್ಮಿಷ್ಟ. ಒಲೆಯ ಮುಂದೆ ನಿಂತವರ ಮುಖ ಮಾತ್ರ ನೆಂಟರು ಕೂರುವ ಕಡೆಗೇ ಇರಬೇಕು. ನಮ್ಮನೆ ಅಳೆಯಲು ಬಂದಾಗ ನಮ್ಮಪ್ಪ ಇದಕ್ಕೆ ಒಪ್ಪಲಿಲ್ಲ. "ಬಂದವರಿಗೆ ಮುಸುರೆ ಪಾತ್ರೆ ಕಾಣುತ್ತಲ್ಲಮ್ಮ, ಒಲೆ ಗೋಡೆ ಕಡೆಗಿರಲಿ." "ಪಾತ್ರೆ ಮುಚ್ಚೋಕೆ ಬಾಗಿಲು ಮಾಡ್ಕೊಡ್ತೀನಿ ಅಣ್ಣ. ಅತ್ತಿಗೇನ ಮುಚ್ಚಲ್ಲ." "ಹಾಗಾದ್ರೆ ಬೇರೆಯವರನ್ನ ನೋಡ್ಕೋತೀವಿ." ಅವಳ ಕೈಯಲ್ಲಿ ಆಗ ಬೇರೆ ಕೆಲಸವಿರಲಿಲ್ಲ, ಆದರೂ ಟೇಪು ಸುತ್ತಿ ಚೀಲಕ್ಕೆ ಹಾಕಿದಳು. ಹೊರಡುವಾಗ ಅಮ್ಮನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ನಮ್ಮಮ್ಮ ಹೋದಾಗ, ನಮ್ಮನೇಲಿ ಎಷ್ಟೋ ಸಲ ಉಂಡವರೆಲ್ಲ ಬಂದಿದ್ರು ಅತ್ತಿಗೆ. ಫೋಟೋ ನೋಡಿ, ಇವರೇನಾ ನಿಮ್ಮಮ್ಮ ಅಂತ ಕೇಳಿದ್ರು. ಅವರು ನೋಡಿದ್ದು ಬರೀ ಬೆನ್ನು." ಅಮ್ಮ ಒದ್ದೆ ಕೈ ಒರೆಸಿಕೊಂಡು, ಅಪ್ಪನ ಕಡೆ ತಿರುಗದೆ, "ನೀನು ಹೇಳಿದ ಹಾಗೇ ಹಾಕಮ್ಮ" ಎಂದಳು. ಅಕ್ಕ ಆಗಲೇ ಮೆಟ್ಟಿಲಿಳಿಯುತ್ತಿದ್ದಳು: "ನಾಳೆ ಬಡಗೀನ ಕರ್ಕೊಂಡು ಬರ್ತೀನಿ ಅತ್ತಿಗೆ, ಅಣ್ಣಂಗೂ ಈರುಳ್ಳಿ ಹೆಚ್ಚೋಕೆ ಪಕ್ಕದಲ್ಲೇ ಒಂಚೂರು ಜಾಗ ಬಿಟ್ಟರೆ, ಅವರ ಮೊಣಕೈ ಎತ್ತರಾನೂ..."