ಮೋಟು ರೈಫಲ್ಲಿಗೆ ಒಂದು ದುರ್ಬೀನು

ನಮ್ಮ ಕಾವಲು ಪಡೆಯ ಮುಖ್ಯಸ್ಥರಾದ ಜಮಾದಾರರು ನನ್ನ ಕೈಗೆ ಸ್ಲೇಟು ಬಳಪ ಕೊಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ. ದುರ್ಬೀನಿನ ಕಥೆ ಶುರುವಾಗುವುದು ಅಲ್ಲಿಂದ.

ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷ ಇದ್ದವು. ಚಿನ್ನದ ಗಣಿಯ ಕಾವಲು ಪಡೆಯಲ್ಲಿ ನಾನು ಹಳಬನಾಗಿದ್ದೆ. ಗಣಿಯ ಸೈರನ್ನಿಗೆ ನಮ್ಮಲ್ಲಿ ಸಂಗು ಅನ್ನುತ್ತಿದ್ದರು. ಸಂಗು ಕೂಗಿದರೆ ಏಳಬೇಕು, ಮತ್ತೆ ಕೂಗಿದರೆ ಗೇಟಿನಲ್ಲಿ ನಿಂತಿರಬೇಕು, ಇನ್ನೊಮ್ಮೆ ಕೂಗಿದರೆ ಊಟಕ್ಕೆ ಹೋಗಬಹುದು. ಬೇರೆಯವರು ಇದನ್ನು ಬೈಯುತ್ತಿದ್ದರು. ನನಗೆ ಒಗ್ಗಿತ್ತು. ಹಾಸಿಗೆ ಮಡಿಸದೆ ನಾನು ಈಗಲೂ ನೀರು ಕುಡಿಯುವುದಿಲ್ಲ.

ವರ್ಷಕ್ಕೊಮ್ಮೆ ಗುರಿ ಹೊಡೆಯುವ ಪಂದ್ಯ ನಡೆಯುತ್ತಿತ್ತು. ಅದಿರು ಅರೆಯುವ ಮಿಲ್ಲಿನ ದೊರೆಗಳದ್ದು ಒಂದು ತಂಡ, ಕಾವಲಿನವರದ್ದು ಒಂದು ತಂಡ. ಪಂದ್ಯದ ಬಯಲು ಸೈನೈಡ್ ದಿಬ್ಬದ ಕೆಳಗೆ. ಅದಿರು ಅರೆದು ಚಿನ್ನ ತೆಗೆದುಕೊಂಡ ಮೇಲೆ ಉಳಿದ ಬೂದಿಬಣ್ಣದ ಪುಡಿ ಅಲ್ಲಿ ಗುಡ್ಡದ ಹಾಗೆ ಬಿದ್ದಿತ್ತು. ಗುರಿ ತಪ್ಪಿದ ಗುಂಡನ್ನು ಆ ದಿಬ್ಬ ಸದ್ದಿಲ್ಲದೆ ನುಂಗುತ್ತಿತ್ತು. ನಮ್ಮ ತಂಡದಲ್ಲಿ ನಾಲ್ಕು ಜನ. ಅದರಲ್ಲಿ ನಾನೊಬ್ಬ ಪ್ರತಿ ವರ್ಷವೂ ಇರುತ್ತಿದ್ದೆ.

ನನ್ನ ರೈಫಲ್ಲು ಸ್ವಂತದ್ದು, ಲೈಸೆನ್ಸೂ ನನ್ನ ಹೆಸರಿನಲ್ಲೇ ಇತ್ತು. ಸೀಮೆಗೆ ವಾಪಸು ಹೋದ ಇಂಗ್ಲಿಷ್ ಇಂಜಿನಿಯರೊಬ್ಬರು ಬಿಟ್ಟುಕೊಟ್ಟದ್ದು. ಸಣ್ಣ ಗುಂಡಿನ, ಒಂದೊಂದೇ ಗುಂಡು ತುಂಬುವ ರೈಫಲ್ಲು. ಒರೆಸುವ ಸಲಾಕೆ ಉಜ್ಜಿ ಉಜ್ಜಿ ನಳಿಗೆಯ ಬಾಯಿ ಸವೆದು ಹೋಗಿತ್ತು. ಗಣಿಯ ವರ್ಕ್‌ಶಾಪಿನಲ್ಲಿದ್ದ ನನ್ನ ಗೆಳೆಯ, ಆಂಡರ್ಸನ್‌ಪೇಟೆಯ ಫಿಟ್ಟರು, ಸವೆದ ಭಾಗವನ್ನು ಕತ್ತರಿಸಿ ಬಾಯಿಯನ್ನು ಹೊಸದಾಗಿ ತಿದ್ದಿಕೊಟ್ಟ. ಅಂದಿನಿಂದ ಅದಕ್ಕೆ ‘ಮೋಟು’ ಎಂದು ಹೆಸರು ಬಿತ್ತು. ಮೋಟಾದರೇನು, ಗುಂಡು ನೇರವಾಗಿಯೇ ಹೋಗುತ್ತಿತ್ತು. ತೊಂದರೆ ಇದ್ದದ್ದು ನೋಡುವುದರಲ್ಲಿ. ಹಿಂದಿನ ಕಚ್ಚಿನೊಳಗಿಂದ ನಳಿಗೆಯ ತುದಿಯ ಮೊಳೆಯನ್ನು ನೋಡಿ ಗುರಿ ಕೂಡಿಸಬೇಕು. ನಳಿಗೆ ಗಿಡ್ಡವಾದಾಗ ಇವೆರಡೂ ಹತ್ತಿರ ಬಂದವು. ಹತ್ತಿರ ಬಂದಷ್ಟೂ ಇಲ್ಲಿನ ಕೂದಲೆಳೆಯ ತಪ್ಪು ಅಲ್ಲಿ ಹೆಬ್ಬೆರಳಿನಷ್ಟಾಗುತ್ತದೆ. ಅದರ ಮೇಲೆ ನನಗೆ ಚಾಳೀಸು ಬಂತು. ದೂರದ ಗುರಿಹಲಗೆ ಸ್ಪಷ್ಟ, ಹತ್ತಿರದ ಮೊಳೆ ಮಾತ್ರ ಹತ್ತಿಯ ಉಂಡೆ.

ಆ ವರ್ಷದ ಮೊದಲ ಅಭ್ಯಾಸದಲ್ಲಿ ನಾನು ಚೆನ್ನಾಗಿ ಹೊಡೆಯಲಿಲ್ಲ. ಜಮಾದಾರರು ಅದಕ್ಕೇ ಕಾದಿದ್ದವರ ಹಾಗೆ ಸ್ಲೇಟು ಹಿಡಿದು ಬಂದರು.

“ಕಣ್ ಓದ್ಮೇಲೆ ಬಂದೂಕ್ಯಾಕಯ್ಯಾ? ಇದ ಇಡ್ಕೊ. ನೆಳ್ಳಾಗೆ ಕುಂತ್ಕೊಂಡು ಪಾಯಿಂಟ್ ಬರ್ಕೊ.”

“ಬರ್ಯಾಕೂ ಕಣ್ ಬೇಕಲ್ವಾ ಜಮಾದಾರ್ರೇ?” ಅಂದೆ.

ನನ್ನ ಜಾಗಕ್ಕೆ ಅವರು ನೋಡಿಟ್ಟಿದ್ದು ತಮ್ಮ ಅಕ್ಕನ ಮಗನನ್ನು. ಅವನು ಪಡೆಗೆ ಹೊಸಬ, ಉದ್ದ ರೈಫಲ್ಲು, ಹದ್ದಿನ ಕಣ್ಣು. ಕೆಟ್ಟವನೇನಲ್ಲ, ಬಾಯಿ ಮಾತ್ರ ಉದ್ದ. ನಾನು ಹಟ ಹಿಡಿದೆ. ಜಾಗ ಬಿಡುವುದಾದರೆ ಸೋತು ಬಿಡುತ್ತೇನೆ, ಹೇಳಿಸಿಕೊಂಡು ಬಿಡುವುದಿಲ್ಲ ಎಂದೆ. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಜಮಾದಾರರು ಬೇರೆ ದಾರಿಯಿಲ್ಲದೆ ಒಪ್ಪಿದರು. ಪಂದ್ಯಕ್ಕೆ ಒಂದು ವಾರ ಮೊದಲು ನಾನೂ ಅವರ ಅಳಿಯನೂ ಎದುರುಬದುರು ಹೊಡೆಯುವುದು. ಗೆದ್ದವನಿಗೆ ತಂಡದಲ್ಲಿ ಜಾಗ, ಸೋತವನಿಗೆ ಸ್ಲೇಟು.

“ನನ್ನ ರೈಫಲ್ಲಿಗೆ ದುರ್ಬೀನು ಆಕ್ತೀನಿ,” ಅಂದೆ.

“ದುರ್ಬೀನು ದೊರೆಗೋಳ್ದಲ್ವೇನಯ್ಯಾ?”

“ಓದೊರ್ಸ ಮಿಲ್ಲಿನ ದೊರೆ ಆಕ್ಕೊಂಡು ಒಡೆದ್ರು. ನೀವೇ ಚಪ್ಪಾಳೆ ತಟ್ಟಿದ್ರಿ. ನಂಗೂ ತಟ್ಟೀರಂತೆ.”

ದುರ್ಬೀನು ಆಕ್ತೀನಿ ಎಂದು ಹೇಳಿದ್ದು ಸುಲಭವಾಯಿತು. ಜೀವಮಾನದಲ್ಲಿ ರೈಫಲ್ಲಿನ ದುರ್ಬೀನನ್ನು ಕೈಯಲ್ಲಿ ಹಿಡಿದವನಲ್ಲ ನಾನು. ಫಿಟ್ಟರನನ್ನು ಕೇಳಿದೆ. ಅವನು ಸರ್ವೆ ಆಫೀಸಿನವರು ಎಸೆದಿದ್ದ ನೆಲದ ಮಟ್ಟ ಅಳೆಯುವ ಹಳೆಯ ಲೆವೆಲ್ ಯಂತ್ರದ ಹಿತ್ತಾಳೆ ದುರ್ಬೀನನ್ನು ತಂದು ಬೆಂಚಿನ ಮೇಲಿಟ್ಟ.

“ಅಣ್ಣೇ, ಭೂಮಿಯೊಳಗೆ ಗೆರೆ ತಪ್ಪದೆ ಸುರಂಗ ಕೊರೆಸಿದ ಕಣ್ಣು ಇದು. ಒಂದು ಹಲಗೆ ತಪ್ಪಿಸುತ್ತಾ?”

ಸರ್ವೆಯವರ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಗಣಿಯಲ್ಲಿದ್ದವರಿಗೆ ಅದು ಹೊಸದಲ್ಲ. ಸರ್ವೆಯ ಆಳುಗಳು ಅಂಕಿಗಳನ್ನು ತಲೆಕೆಳಗಾಗಿಯೇ ಸರಾಗವಾಗಿ ಓದುವುದನ್ನು ದಿನವೂ ನೋಡುತ್ತಿದ್ದೆವು. ಗುರಿಯ ಕಪ್ಪು ಬೊಟ್ಟು ಹೇಗೂ ದುಂಡಗಿರುತ್ತದೆ, ಮೇಲುಕೆಳಗಾದರೂ ದುಂಡಗೇ, ಇದರಲ್ಲಿ ಕೆಡುವುದೇನು ಎಂದು ಇಬ್ಬರೂ ತೀರ್ಮಾನಿಸಿದೆವು. ಬೇರೆ ಊರಿನವರಾಗಿದ್ದರೆ ಆ ದುರ್ಬೀನನ್ನು ಮುಟ್ಟುತ್ತಿರಲಿಲ್ಲ. ನಾವು ಅದನ್ನು ಮೋಟುವಿನ ಮೇಲೆ ಕೂರಿಸಿ ಬೋಲ್ಟು ಬಿಗಿದೆವು.

ಭಾನುವಾರ ಬಯಲಿಗೆ ಒಯ್ದೆ. ಬೊಟ್ಟು ದುಂಡಗೇ ಕಂಡಿತು. ಆದರೆ ಹಿಡಿದ ಕೈ ಸುಮ್ಮನಿರುವುದಿಲ್ಲ, ಸ್ವಲ್ಪ ಅಲುಗುತ್ತದೆ, ಅಲುಗಿದ್ದನ್ನು ಕಣ್ಣು ನೋಡಿ ತಾನಾಗಿ ತಿದ್ದುತ್ತದೆ. ಇಲ್ಲಿ ಕಣ್ಣು ಕೊಟ್ಟ ಸುದ್ದಿಯೇ ಉಲ್ಟಾ. ನಳಿಗೆ ಮೇಲೆದ್ದಾಗ ಇಳಿದ ಹಾಗೆ ಕಾಣುವುದು, ಬಲಕ್ಕೆ ಹೊರಳಿದಾಗ ಎಡಕ್ಕೆ ಹೊರಳಿದ ಹಾಗೆ. ಹಿಡಿಯಲು ಹೋದಷ್ಟೂ ಬೊಟ್ಟು ಓಡಿಹೋಗುತ್ತಿತ್ತು. ಸಾಲದ್ದಕ್ಕೆ ಗಾಜಿಗೆ ಕಣ್ಣು ಅಂಟಿಸಿದರೆ ಮಾತ್ರ ಏನಾದರೂ ಕಾಣುತ್ತಿತ್ತು. ಕುತ್ತಿಗೆ ಕೊಕ್ಕರೆಯ ಹಾಗಾಯಿತು. ನನ್ನ ಗುಂಡು ಪಕ್ಕದವನ ಹಲಗೆಗೆ ಬಿತ್ತು. ಬಯಲೆಲ್ಲ ನಕ್ಕಿತು.

“ಅಣ್ಣೋ, ತಲೆ ಕೆಳ್ಗ್ ಮಾಡಿ ನಿಂತ್ಕೊ! ಕಾಲ್ ನಾ ಇಡ್ಕೊತೀನಿ,” ಎಂದು ಜಮಾದಾರರ ಅಳಿಯ ಕೂಗಿದ.

“ನಗು ಕಣ್ಲಾ,” ಅಂದೆ. “ಅಲ್ಲು ಇರಾವಾಗ್ಲೇ ನಕ್ಕೊಬೇಕು.”

ಆ ಹಿತ್ತಾಳೆ ದುರ್ಬೀನನ್ನು ಫಿಟ್ಟರನಿಗೆ ವಾಪಸು ಕೊಟ್ಟೆ. ಅವನಿಗೆ ನನಗಿಂತ ಹೆಚ್ಚು ಬೇಜಾರಾಗಿತ್ತು. ನನಗೆ ಮಾತ್ರ ಹಟ ಇನ್ನೂ ಬಲಿಯಿತು.

ನನ್ನ ಹೆಂಡತಿಯ ತಮ್ಮ ಬಂಗಾರಪೇಟೆಯ ಪಕ್ಕದ ಹಳ್ಳಿಯಲ್ಲಿ ಎಮ್ಮೆ ಕಟ್ಟಿದ್ದ, ಸ್ಟೇಷನ್ನಿನ ಸುತ್ತಲಿನ ರೈಲ್ವೆ ಮನೆಗಳಿಗೆ ಹಾಲು ಹಾಕುತ್ತಿದ್ದ. ಅಂಥ ಒಂದು ಮನೆಯಲ್ಲಿ ಎಂಜಿನ್ ಡ್ರೈವರೊಬ್ಬರು ತೀರಿಕೊಂಡಿದ್ದರು. ಅವರ ಹೆಂಡತಿ, ಆಂಗ್ಲೋ-ಇಂಡಿಯನ್ ಹೆಂಗಸು, ಗಂಡನ ಶಿಕಾರಿ ಸಾಮಾನನ್ನೆಲ್ಲ ಮಾರುತ್ತಿದ್ದಾರೆಂದು ಅವನು ಸುದ್ದಿ ತಂದ. ರಜೆ ಬಂದ ದಿನ ಮಾರಿಕುಪ್ಪಂನಲ್ಲಿ ರೈಲು ಹತ್ತಿದೆ. ರೈಫಲ್ಲು ಒಯ್ಯಲಿಲ್ಲ. ಅದರ ಬದಲು ಒಂದು ದಾರ ಒಯ್ದೆ. ಕೆನ್ನೆ ಊರಿ ಹಿಡಿದಾಗ ನನ್ನ ಕಣ್ಣು ಎಲ್ಲಿರುತ್ತದೆ, ಗುಂಡು ತುಂಬುವ ಬಾಯಿ ಎಲ್ಲಿ, ನಳಿಗೆ ಮುಗಿಯುವುದು ಎಲ್ಲಿ, ಎಲ್ಲಕ್ಕೂ ಅದರಲ್ಲಿ ಗಂಟು ಹಾಕಿಕೊಂಡಿದ್ದೆ.

ಮನೆ ರೈಲುಹಳಿಗೆ ಅಂಟಿಕೊಂಡೇ ಇತ್ತು. ಜಗುಲಿಯಲ್ಲಿ ಒಂದು ತೇಗದ ಹಲಗೆ, ಅದಕ್ಕೆ ಎರಡು ದುರ್ಬೀನುಗಳನ್ನು ಅವುಗಳ ಹಿಡಿಕೆ ಸಮೇತ ಸ್ಕ್ರೂ ಹಾಕಿ ನಿಲ್ಲಿಸಿದ್ದರು. ಒಂದು ಮೊಳಕ್ಕೂ ಉದ್ದ, ಮಿರಿಮಿರಿ ಮಿಂಚುವ ಕಪ್ಪು, ಹಿಡಿಕೆಯಲ್ಲಿ ಸ್ಪ್ರಿಂಗು, ಬೆರಳಲ್ಲಿ ತಿರುಗಿಸಿ ಗುರಿ ತಿದ್ದುವ ಎರಡು ಚಕ್ರ. ಇನ್ನೊಂದು ಗೇಣುದ್ದದ್ದು, ಬಣ್ಣ ಹಾರಿದ್ದು, ಎರಡು ಕಬ್ಬಿಣದ ಬಳೆಗಳಲ್ಲಿ ಗಟ್ಟಿಯಾಗಿ ಕೂತದ್ದು.

“ನೋಡು ಮ್ಯಾನ್, ತಗೊಂಡ್ರೆ ತಗೊಂಡ ಆಯ್ತು. ವಾಪಸ್ ಬಂದ್ರೆ ನಾಯಿ ಬಿಡ್ತೀನಿ,” ಎಂದರು ಆಕೆ.

“ಬಿಡಿ ದೊರೆಸಾನಿ. ಆದರೆ ಅದಕ್ಕೆ ಮುಂಚೆ ಚೆನ್ನಾಗಿ ನೋಡೋಕೆ ಬಿಡಿ,” ಅಂದೆ.

ಮೊದಲು ಉದ್ದದ್ದಕ್ಕೆ ಕಣ್ಣಿಟ್ಟೆ. ದೂರದ ಸಿಗ್ನಲ್ ಕಂಬ ಜಗುಲಿಗೇ ನಡೆದು ಬಂದ ಹಾಗಾಯಿತು. ಕಂಬದ ಮೇಲೆ ಕೂತ ಕಾಗೆಯ ಕೊಕ್ಕು ಕಂಡಿತು. ನನ್ನ ಭಾವಮೈದುನ ಒಮ್ಮೆ ನೋಡಿ ಹಲಗೆ ಬಿಟ್ಟು ಮೇಲೇಳಲೇ ಇಲ್ಲ.

“ಇದೇ ತಗಾ ಬಾವಾ! ಎಮ್ಮೆ ಕೊಳ್ಳಾಕೆ ಬಂದು ಕರ ಇಡ್ಕೊಂಡೋಗ್ತೀಯಾ?”

“ಎಮ್ಮೆ ನನ್ನ ಕೊಟ್ಟಿಗೇಲಿ ಇಡಿಸ್ಬೇಕಲ್ಲಪ್ಪಾ.”

ದಾರ ಹಿಡಿದೆ. ಉದ್ದದ್ದು ಮೋಟುವಿನ ಮೇಲೆ ಕೂತರೆ ನಳಿಗೆಯನ್ನು ದಾಟಿ ಮುಂದೆ ಚಾಚುತ್ತಿತ್ತು. ಅದರೊಳಗೆ ಕಾಣುವ ಬಯಲು ಒಂದು ಬಳೆಯಷ್ಟೇ, ಕಣ್ಣು ಒಂದಿಷ್ಟು ಸರಿದರೆ ಪೂರಾ ಕತ್ತಲೆ. ಹಲಗೆ ಮುಟ್ಟದೆ ತಲೆಯನ್ನು ಮಾತ್ರ ಮೇಲೆ ಕೆಳಗೆ ಆಡಿಸಿ ನೋಡಿದೆ. ಗುರಿ ಹಿಡಿಯಲೆಂದು ಗಾಜಿನೊಳಗೆ ಎಳೆದ ಕೂಡುಗೆರೆ ಕಂಬದ ಮೇಲೆ ಇರುವೆಯ ಹಾಗೆ ಹರಿದಾಡಿತು. ಅಂದರೆ ಕೆನ್ನೆ ಇಡುವ ಜಾಗ ಬದಲಾದರೆ ಗುರಿಯೂ ಬದಲಾದಂತೆ. ಗಿಡ್ಡದರಲ್ಲಿ ಕಂಬ ಅಷ್ಟೇನೂ ಹತ್ತಿರ ಬರಲಿಲ್ಲ, ಕಾಗೆಗೆ ಕೊಕ್ಕಿರಲಿಲ್ಲ. ಆದರೆ ಬೆಳಕು ಬೆಳಗ್ಗೆಯ ಹಾಗಿತ್ತು. ತಲೆ ಆಡಿಸಿದರೂ ಗೆರೆ ಇದ್ದಲ್ಲೇ ಇತ್ತು. ಕಣ್ಣು ಎಷ್ಟು ದೂರವಿರಬೇಕೋ ಅದು ದಾರದ ಗಂಟಿಗೆ ಸರಿಹೋಯಿತು.

ಆಮೇಲೆ ಎರಡರ ಗೆರೆಯನ್ನೂ ಹಲಗೆ ಸರಿಸಿ ಸಿಗ್ನಲ್ಲಿನ ದೀಪದ ಮೇಲೆ ತಂದು ನಿಲ್ಲಿಸಿದೆ, ಉದ್ದದ್ದರ ಚಕ್ರವನ್ನೂ ತಿರುಗಿಸಿ. ಹಲಗೆಯ ಮೇಲೆ ಕಲ್ಲು ಹೇರಿ ಮೆಟ್ಟಿಲ ಮೇಲೆ ಕೂತೆ.

“ಇನ್ನೇನ್ ಕಾಯ್ತೀಯ ಬಾವಾ? ಆಲ್ ಕರ್ಯಾ ಒತ್ತಾಯ್ತು.”

“ಗೂಡ್ಸ್ ಬರ್ಲಿ.”

“ಗೂಡ್ಸ್‌ನಾಗೆ ನಿಮ್ಮಪ್ಪ ಬತ್ತಾನಾ?”

ದೊರೆಸಾನಿಗೂ ನನಗೆ ತಲೆಕೆಟ್ಟಿದೆ ಅನ್ನಿಸಿರಬೇಕು, ಒಳಗೆ ಹೋಗಿ ಚಹಾ ಕಳಿಸಿದರು. ಕೊನೆಗೂ ಗೂಡ್ಸ್ ಬಂತು. ಕಲ್ಲಿದ್ದಲು ತುಂಬಿದ ಭಾರ, ಜಗುಲಿಯೆಲ್ಲ ನಡುಗಿತು, ಚಹಾದ ಕಪ್ಪು-ಬಸಿಗಳು ಹಲ್ಲು ಕಡಿದವು. ಅದು ದಾಟಿದ ಮೇಲೆ ಎದ್ದು ನೋಡಿದೆ. ಉದ್ದ ದುರ್ಬೀನಿನ ಗೆರೆ ದೀಪ ಬಿಟ್ಟು ಕಂಬದ ಆಚೆ ನಿಂತಿತ್ತು. ಸ್ಪ್ರಿಂಗು ಜಾರಿತ್ತು. ಗಿಡ್ಡದ್ದರ ಗೆರೆ ದೀಪದ ಮೇಲೇ ಇತ್ತು.

ನಮ್ಮ ಊರಲ್ಲಿ ನೆಲ ಸುಮ್ಮನಿರುವುದಿಲ್ಲ. ಆಳದಲ್ಲಿ ಬಂಡೆ ತನ್ನಷ್ಟಕ್ಕೆ ಸಿಡಿಯುತ್ತದೆ. ಅದಕ್ಕೆ ನಾವು ಏರ್‌ಬ್ಲಾಸ್ಟು ಎನ್ನುತ್ತಿದ್ದೆವು. ಅದು ಹೇಳಿ ಬರುವುದಿಲ್ಲ. ಗೂಡಿನ ಪಾತ್ರೆ ಉರುಳುತ್ತದೆ, ಗೋಡೆ ಬಿರಿಯುತ್ತದೆ, ಒಳಗಿದ್ದವರ ಹೆಂಗಸರು ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡುತ್ತಾರೆ. ಅಂಥ ನೆಲದ ಮೇಲೆ ಸಡಿಲವಾಗಿ ನಿಲ್ಲುವ ವಸ್ತು ಎಷ್ಟು ದೊಡ್ಡದಾದರೂ ನನಗೆ ಬೇಡ.

“ಇದು ಕೊಡಿ ದೊರೆಸಾನಿ,” ಎಂದು ಗಿಡ್ಡದ್ದನ್ನು ತೋರಿಸಿದೆ.

“ಕರ ಇಡ್ಕೊಂಡೇಬಿಟ್ನಲ್ಲಪ್ಪಾ!” ಎಂದು ಭಾವಮೈದುನ ಹಣೆ ಚಚ್ಚಿಕೊಂಡ.

ಫಿಟ್ಟರು ಅದನ್ನು ಕೂರಿಸಿಕೊಟ್ಟ. ಗುಂಡು ಬೀಳುವ ಜಾಗಕ್ಕೂ ಗೆರೆಗೂ ಹೊಂದುವ ತನಕ ಬಳೆಯ ಕೆಳಗೆ ತೆಳು ತಗಡಿನ ತುಣುಕು ಇಡುತ್ತಾ ತೆಗೆಯುತ್ತಾ ಹೋದೆವು. ಹೊಂದಿದ ಮೇಲೆ ಸ್ಕ್ರೂ ಬಿಗಿದು, ತಲೆಯ ಮೇಲೆ ಬಣ್ಣ ಬಳಿದು ಮುಚ್ಚಿದೆವು. ತಿರುಗಿಸುವ ಚಕ್ರವಿಲ್ಲ, ತಿದ್ದುವ ಆಸೆಯೂ ಇಲ್ಲ.

ಪರೀಕ್ಷೆಯ ಸಾಯಂಕಾಲ ಜಮಾದಾರರು ಮೊದಲು ತಮ್ಮ ಅಳಿಯನಿಗೆ ಹೊಡೆಯಲು ಹೇಳಿದರು. ಒಳ್ಳೆಯ ಬೆಳಕೆಲ್ಲ ಅವನಿಗೆ. ಅವನು ಚೆನ್ನಾಗಿಯೇ ಹೊಡೆದ, ಒಂದು ಗುಂಡು ಮಾತ್ರ ಬೊಟ್ಟಿನ ಹೊರಗೆ. ನನ್ನ ಸರದಿ ಬರುವಷ್ಟರಲ್ಲಿ ಸೂರ್ಯ ದಿಬ್ಬದ ಹಿಂದೆ ಇಳಿದಿದ್ದ, ಗಾಳಿಗೆ ಪುಡಿ ಏಳುತ್ತಿತ್ತು.

“ಮೋಟು ಬಂದೂಕು, ಮೋಟು ದುರ್ಬೀನು,” ಎಂದು ಯಾರೋ ಹಿಂದಿನಿಂದ ಹಾಡಿನ ಹಾಗೆ ಹೇಳಿದರು. ನಾನು ಚಾಪೆ ಹಾಸಿ, ಅದರ ಸುಕ್ಕು ತೆಗೆದು, ಬೋರಲು ಮಲಗಿದೆ.

ಆಗ ನೆಲ ಎದ್ದಿತು. ನೆಲದೊಳಗಿನಿಂದ ಯಾರೋ ಒದ್ದ ಹಾಗೆ. ತಗಡಿನ ಷೆಡ್ಡು ಗಡಗಡ ಅಂದಿತು, ಗೋಡೆಗೆ ಒರಗಿಸಿದ್ದ ರೈಫಲ್ಲುಗಳು ಉರುಳಿದವು, ದಿಬ್ಬದಿಂದ ಪುಡಿ ಸುರಿಯಿತು. ಎಲ್ಲರೂ ಶಾಫ್ಟಿನ ಕಡೆ ಕಿವಿಯಿಟ್ಟು ನಿಂತೆವು. ಯಾರಾದರೂ ಒಳಗೆ ಸಿಕ್ಕಿಕೊಂಡಿದ್ದರೆ ಸಂಗು ಕೂಗುತ್ತದೆ. ಕೂಗಲಿಲ್ಲ. ನಾನು ಮತ್ತೆ ಚಾಪೆಯ ಮೇಲೆ ಬೋರಲಾದೆ.

ಜಮಾದಾರರು ಬಂದು ನನ್ನ ಪಕ್ಕ ಬಗ್ಗಿದರು. ಈ ಸಲ ದನಿಯಲ್ಲಿ ಕುಹಕ ಇರಲಿಲ್ಲ.

“ಗಾಜಿನ್ ಸಾಮಾನು. ಅಲ್ಲಾಡೋಗಿರ್ತದೆ. ದುರ್ಬೀನ್ ಬಿಚ್ಬಿಟ್ಟು ನಾಳೆ ಬರೀ ಕಣ್ಣಾಗ್ ಒಡಿ. ಯಾರೂ ಏನೂ ಅನ್ನಾಕಿಲ್ಲ.”

“ಗೂಡ್ಸ್ ರೈಲಿಗೇ ಅಲ್ಲಾಡ್ಲಿಲ್ಲ ಇದು,” ಅಂದೆ. ಅವರಿಗೆ ಅರ್ಥವಾಗಲಿಲ್ಲ. “ಸರ್ಕೊಳ್ಳಿ ಜಮಾದಾರ್ರೇ, ಬೆಳಕಿಗೆ ಅಡ್ಡ ಬತ್ತಿದ್ದೀರಿ.”

ದೂರದ ಹಲಗೆ ಬರಿಗಣ್ಣಿಗೆ ಮಸುಕಾಗಿತ್ತು. ದುರ್ಬೀನಿನೊಳಗೆ ಇನ್ನೂ ಬೆಳಕಿತ್ತು. ಬೊಟ್ಟು ದೊಡ್ಡದಾಗಿರಲಿಲ್ಲ, ನೆಟ್ಟಗಿತ್ತು, ಅದರ ಮೇಲೆ ಗೆರೆ ಕೂತಿತ್ತು. ನಾನು ತುಂಬಿದೆ, ಉಸಿರು ಬಿಟ್ಟೆ, ಹೊಡೆದೆ. ಮತ್ತೆ ತುಂಬಿದೆ. ಅವಸರ ಮಾಡಲಿಲ್ಲ, ನಡುವೆ ತಲೆ ಎತ್ತಿ ನೋಡಲೂ ಇಲ್ಲ. ಕೊನೆಯ ಗುಂಡಾದ ಮೇಲೆ ರೈಫಲ್ಲಿನ ಬಾಯಿ ತೆರೆದಿಟ್ಟು, ಚಾಪೆ ಸುತ್ತಿ, ಬಟ್ಟೆಯ ಪುಡಿ ಕೊಡವಿಕೊಂಡೆ.

ಜಮಾದಾರರೂ ಅಳಿಯನೂ ಹಲಗೆ ನೋಡಲು ಹೋದರು. ಅಲ್ಲಿ ಬಹಳ ಹೊತ್ತು ನಿಂತರು. ಅಳಿಯ ಮುಂಚೆ ಬಂದ. “ಎಲ್ಲಾ ಒಳ್ಗೇ ಐತೆ ಅಣ್ಣೋ,” ಅಂದ. ನಗಲಿಲ್ಲ, ಮುಖ ಗಂಟೂ ಹಾಕಲಿಲ್ಲ. ಮೋಟುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ದುರ್ಬೀನಿಗೆ ಕಣ್ಣಿಟ್ಟ. “ನೆಟ್ಟಗ್ ಕಾಣ್ತದಲ್ಲ ಇದ್ರಾಗೆ!”

ಜಮಾದಾರರು ನಿಧಾನವಾಗಿ ಬಂದರು. ಕಂಕುಳಲ್ಲಿ ಸ್ಲೇಟು ಹಾಗೇ ಇತ್ತು. ಅಳಿಯನ ಕಡೆ ಚಾಚಿದರು. ಅವನು ದುರ್ಬೀನಿನಿಂದ ಮುಖ ತೆಗೆಯಲಿಲ್ಲ. ಚಾಚಿದ ಕೈಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಅವರು ನನ್ನ ಕಡೆ ನೋಡಿದರು.

“ನಿಮ್ಮತ್ರಾನೇ ಇರ್ಲಿ ಬಿಡಿ ಜಮಾದಾರ್ರೇ,” ಅಂದೆ. “ಪಾಯಿಂಟ್ ಬರ್ಯಾಕೆ ಒಳ್ಳೇ ಕಣ್ಣಿರೋವ್ರೇ ಬೇಕು.”