ಶೆಡ್ಡಿನಲ್ಲಿ ಯಾರೂ ಹಾಡುವುದಿಲ್ಲ

ಒಣದ್ರಾಕ್ಷಿ ಶೆಡ್ಡಿನ ಹೆಂಗಸರು ಹಾಡುತ್ತ ಕೆಲಸ ಮಾಡುತ್ತಾರೆ ಎಂದು ನಾನು ಎಲ್ಲಿಯೂ ಬರೆದಿರಲಿಲ್ಲ. ಆದರೂ ನನ್ನ ಪಿಎಚ್‌ಡಿಯ ಮೂರನೇ ಅಧ್ಯಾಯದಲ್ಲಿ ಆ ಸಾಲಿತ್ತು.

ಬಬಲೇಶ್ವರದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತ, ರಜೆ ಸಿಕ್ಕಾಗಲೆಲ್ಲ ತಿಕೋಟಾದ ಬಸ್ಸು ಹತ್ತಿ, ಒಣದ್ರಾಕ್ಷಿಯನ್ನು ಆರಿಸಿ ಬೇರ್ಪಡಿಸುವ ಹೆಂಗಸರ ನಡುವೆ ಕುಳಿತು ಬರೆದ ಅಧ್ಯಾಯವದು. ನನ್ನ ಮಾರ್ಗದರ್ಶಕರು ಅದನ್ನು ಚಾಟ್‌ಬಾಟ್‌ಗೆ ಹಾಕಿ, ತಿದ್ದಿಸಿ ಕಳಿಸಿದ್ದರು. ಭಾಷೆ ನುಣ್ಣಗಾಗಿತ್ತು. ಹಾಡಿನ ಮಾತಿಗೆ ಆಧಾರವಾಗಿ ಒಂದು ಪುಸ್ತಕದ ಹೆಸರೂ ಇತ್ತು. ವಿಜಯಪುರದ ಗ್ರಂಥಾಲಯಗಳಲ್ಲಿ, ಅಂತರ್ಜಾಲದಲ್ಲಿ ಎರಡು ವಾರ ಹುಡುಕಿದೆ. ಅಂಥ ಪುಸ್ತಕವೇ ಇರಲಿಲ್ಲ.

ಅಥಣಿ ರಸ್ತೆಯಲ್ಲಿದ್ದ ಮಾರ್ಗದರ್ಶಕರ ಮನೆಗೆ ಹೋಗಿ ಹೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ, ಬೇಸರವಾಯಿತು.

“ಎಲ್ಲಾರೂ ಹಿಂಗ ಮಾಡಾಕತ್ತಾರ್ರಿ. ನೀವೊಬ್ಬರ ಯಾಕ ಹಟ ಹಿಡೀತೀರಿ?”

ಪುಸ್ತಕದ ಹೆಸರು ಬೇಕಾದರೆ ತೆಗೆಯಿರಿ, ಹಾಡು ಇರಲಿ, ಓದಲು ಚೆನ್ನಾಗಿದೆ ಎಂದರು. ನಾನು ಒಪ್ಪಲಿಲ್ಲ. ಮರುದಿನವೇ ಆ ಹಾಳೆಗಳನ್ನು ತೆಗೆದುಕೊಂಡು ಶೆಡ್ಡಿಗೆ ಹೋಗಿ, ಊಟದ ಹೊತ್ತಿನಲ್ಲಿ ಹೆಂಗಸರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಎಲ್ಲರೂ ನಕ್ಕರು. ಅವರಲ್ಲಿ ಹಿರಿಯಳಾದವಳು ಮಾತ್ರ ನಗಲಿಲ್ಲ.

“ದ್ರಾಕ್ಷಿಗಿ ಕೊಡೋ ಗಂಧಕದ ಹೊಗಿ ವಾಸನಿಗೆ ಬಾಯಿಗಿ ಅರಿವಿ ಕಟಗೊಂಡು ಕುಂತಿರತೇವಿ. ಹಾಡೋದೆಲ್ಲಿ ಬಂತ ಬೇ?”

ಹಾಗಾದರೆ ಇಡೀ ದಿನ ಸುಮ್ಮನೆ ಇರುತ್ತೀರಾ ಎಂದು ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಆ ಹಿರಿಯಳು ತನ್ನ ಮುಂದಿದ್ದ ಟ್ರೇಯ ಅಂಚಿಗೆ ಬೆರಳಿನಿಂದ ಎರಡು ಸಲ ಬಡಿದಳು. ಮೇಲ್ವಿಚಾರಕ ಬರುತ್ತಿದ್ದಾನೆ ಎಂದರ್ಥ. ಮೂರು ಸಲ ಬಡಿದರೆ ಯಾರಿಗೋ ಮೈ ಸರಿಯಿಲ್ಲ, ಅವಳ ಪಾಲಿನ ದ್ರಾಕ್ಷಿಯನ್ನು ಉಳಿದವರು ಆರಿಸಬೇಕು. ಮೂರು ವರ್ಷ ಅವರ ಪಕ್ಕದಲ್ಲೇ ಕುಳಿತಿದ್ದರೂ ಆ ಸದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ. ನನಗೆ ನಾಚಿಕೆಯಾಯಿತು. ಬರೆಯಲೇ ಎಂದು ಕೇಳಿದೆ. ತಮ್ಮ ಹೆಸರು, ಶೆಡ್ಡಿನ ಹೆಸರು ಹಾಕಬೇಡ, ಉಳಿದದ್ದನ್ನು ಬರೆ ಎಂದರು.

ಅಧ್ಯಾಯವನ್ನು ಮೊದಲಿನಿಂದ ನಾನೇ ಬರೆದೆ. ಅವರ ಮಾತುಗಳನ್ನು ಅವರು ಆಡಿದಂತೆಯೇ ಇಟ್ಟೆ. ಪ್ರಬಂಧ ಸಲ್ಲಿಸುವ ಮುಂಚಿನ ಸಭೆಯಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು, ಈ ಟ್ರೇ ಬಡಿಯುವ ಸಂಗತಿ ಯಾವ ಪುಸ್ತಕದಲ್ಲೂ ಇಲ್ಲ, ಚಾಟ್‌ಬಾಟ್ ಕೂಡ ಗೊತ್ತಿಲ್ಲ ಎನ್ನುತ್ತದೆ ಎಂದು ಮೊಬೈಲು ಎತ್ತಿ ತೋರಿಸಿದರು.

“ಎಲ್ಲೂ ಇಲ್ಲರಿ ಸರ್. ಅದಕ್ಕ ನಾ ಬರದೇನಿ” ಎಂದೆ.

 ಅಧ್ಯಾಯವನ್ನು ಮತ್ತೆ ಪರಿಶೀಲಿಸಬೇಕೆಂದು ಸಲ್ಲಿಕೆಯನ್ನು ಆರು ತಿಂಗಳು ಮುಂದೂಡಿದರು. ಹೆಂಗಸರ ಮಾತಿನ ಧ್ವನಿಮುದ್ರಣ ಬೇಕೆಂದರು, ಹೆಸರುಗಳನ್ನು ಅಳಿಸಿ ಕೊಟ್ಟೆ. ನಾನು ಒಂದು ಸಾಲನ್ನೂ ತೆಗೆಯಲಿಲ್ಲ. ಕೊನೆಗೆ ಮಾರ್ಗದರ್ಶಕರು ಸಹಿ ಹಾಕಿ ಫೈಲನ್ನು ನನ್ನತ್ತ ಸರಿಸಿದರು.

ಈ ವರ್ಷ ನನ್ನ ತರಗತಿಯಲ್ಲೂ ಮನೆಯಿಂದ ಬರೆದು ತರುವ ಪ್ರಬಂಧಗಳನ್ನು ನಿಲ್ಲಿಸಿದ್ದೇನೆ. ಒಬ್ಬೊಬ್ಬರೂ ತಮ್ಮ ಊರಿನ ಒಬ್ಬರೊಡನೆ ಕುಳಿತು ಮಾತಾಡಿ ಬಂದು ತರಗತಿಯಲ್ಲೇ ಬರೆಯಬೇಕು, ನನ್ನೆದುರು ನಿಂತು ಉತ್ತರ ಹೇಳಬೇಕು. ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ಸಹೋದ್ಯೋಗಿಗಳು ಗೊಣಗಿದರು. ನಾನು ಸಮಯ ಮಾಡಿಕೊಂಡೆ. ಮೊದಲು ಎದ್ದು ನಿಂತವಳು ಸಾರವಾಡದ ಹುಡುಗಿ. ಎಮ್ಮೆ ಸಾಕುವ ತನ್ನ ಅತ್ತೆಯ ಬಗ್ಗೆ ಒಂದೂವರೆ ಪುಟ ಬರೆದಿದ್ದಳು. ನನ್ನ ಪ್ರಶ್ನೆಗಳಿಗೆಲ್ಲ ಪಟಪಟನೆ ಉತ್ತರಿಸಿದಳು. ಒಂದಕ್ಕೆ ಮಾತ್ರ ತಡೆದು, ಗೊತ್ತಿಲ್ಲ, ಸಂಜೆ ಅತ್ತೆಯನ್ನೇ ಕೇಳಿಕೊಂಡು ಬರುತ್ತೇನೆ ಎಂದಳು. ಅವಳಿಗೆ ಪೂರ್ತಿ ಅಂಕ ಕೊಟ್ಟೆ.